ಕೊನೆಯ ಕ್ವಾರ್ಟರ್‌ನಲ್ಲಿ ಸೌಟು ಯಾರ ಕೈಯಲ್ಲಿ

ಬೆಟಗೇರಿ
ಇಸವಿ ೨೧೭೧, ಎರಡನೇ ಬಿಸಿಲು ತಿಂಗಳು, ೩೭ನೇ ದಿನ

ಬೆಟಗೇರಿ ಹಾಕಿ ಮೈದಾನದ ಪೂರ್ವದ ಕಟ್ಟೆಯಲ್ಲಿ, ಕೆಳಗಿನಿಂದ ಮೂರನೇ ಮೆಟ್ಟಿಲ ಮೇಲೆ ಈಗ ಕೂತಿರುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ನೀವು ಕೂತ ಜಾಗ ಮಾತ್ರ ಗೊತ್ತು, ಏಕೆಂದರೆ ನೂರು ಚಿಲ್ಲರೆ ವರ್ಷಗಳ ನಂತರ ನಾನು ಕೂರುವುದೂ ಅಲ್ಲೇ. ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದ ಹರಿದು ಹಾಕಬೇಡಿ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತಿಂಗಳು. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಅವನ್ನು ಬಿಡಿದಿನಗಳು ಎನ್ನುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ದಿನಪತ್ರಿಕೆಗಳ ಕ್ರೀಡಾಪುಟಗಳನ್ನು ವಾಚನಾಲಯದಲ್ಲಿ ಓದಿ ಓದಿ, ನಿಮಗೆ ತಿಳಿಯುವ ಹಾಗೆ ಬರೆಯಲು ಕಲಿತಿದ್ದೇನೆ. ಅದರಿಂದ ನನ್ನ ಕನ್ನಡ ಒಮ್ಮೊಮ್ಮೆ ಪಂದ್ಯದ ವರದಿಯ ಹಾಗೆ ಕೇಳಿಸಬಹುದು.

ನನ್ನ ಹೆಸರು ಫಕೀರವ್ವ ಹೊಂಬಳ. ವಯಸ್ಸು ಅರವತ್ತೇಳು. ಮಗ್ಗದ ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆ ನನ್ನ ಕೆಲಸ. ಬೆಟಗೇರಿ ಲಾಳಿ ತಂಡದ ಅಭಿಮಾನಿ ಸಂಘಕ್ಕೆ ಹದಿನಾರು ವರ್ಷಗಳಿಂದ ನಾನೇ ಕಾರ್ಯದರ್ಶಿ, ಯಾಕೆಂದರೆ ಬೇರೆ ಯಾರೂ ಒಪ್ಪುವುದಿಲ್ಲ. ಈ ಕಾಗದ ನಿಮಗೆ ಬಂದದ್ದು ಹಿಂದಂಚೆಯಲ್ಲಿ. ಹಿಂದಕ್ಕೆ ಹೋಗುವ ಅಂಚೆ, ಅಷ್ಟೆ. ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಿದರೆ ಅಲ್ಲಿನ ಗುಮಾಸ್ತನಿಗೂ ಗೊತ್ತಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ತಂಗಿ ತನ್ನ ಪಾಲಿನದನ್ನು ನಮ್ಮ ಮುತ್ತಜ್ಜಿಗೆ ಬರೆದು ಪುಣ್ಯ ಕಟ್ಟಿಕೊಂಡಳು. ನಾನು ಅದನ್ನು ಹಾಕಿಗೆ ಮುಗಿಸುತ್ತಿದ್ದೇನೆಂದು ಮನೆಯವರೆಲ್ಲ ನಗುತ್ತಿದ್ದಾರೆ. ನಗಲಿ.

ಹಿಂದಂಚೆಗೆ ನಿಯಮಗಳು ಬಹಳ. ಹುಟ್ಟು ಸಾವು ಬರೆಯಬಾರದು, ಚುನಾವಣೆ ಬರೆಯಬಾರದು, ಯಾವ ಪಂದ್ಯದ ಫಲಿತಾಂಶವನ್ನೂ ಬರೆಯಬಾರದು. ನೀವು ಬಾಜಿ ಕಟ್ಟಿಬಿಟ್ಟೀರಿ ಎಂಬ ಭಯ ಅವರಿಗೆ. ಕಳೆದ ವರ್ಷದ ನಮ್ಮ ಪಂದ್ಯಕ್ಕೆ ನೀವು ಅಲ್ಲಿ ಕೂತು ಹೇಗೆ ಬಾಜಿ ಕಟ್ಟುತ್ತೀರೋ ನನಗಂತೂ ತಿಳಿಯದು. ಈ ಕಾಗದದ ಮೊದಲ ಪ್ರತಿಯನ್ನು ಗುಮಾಸ್ತ ವಾಪಸು ಕೊಟ್ಟ. ಆದ್ದರಿಂದ ಇದರಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ಎಲ್ಲೂ ಇಲ್ಲ. ಒಂದು ಕೊಪ್ಪರಿಗೆ ಯಾವ ವರ್ಷ ಯಾರ ಮನೆಯಲ್ಲಿತ್ತು ಎಂದು ಮಾತ್ರ ಹೇಳುತ್ತೇನೆ. ಪಾತ್ರೆಯ ವಿಳಾಸ ಬರೆಯಬಾರದೆಂದು ನಿಯಮವಿಲ್ಲ, ನಾನು ಪುಸ್ತಕ ತೆಗೆಸಿ ನೋಡಿದ್ದೇನೆ.

ಮೊದಲು ನಮ್ಮ ಆಟ ಹೇಗೆ ನಡೆಯುತ್ತದೆಂದು ತಿಳಿಯಬೇಕು. ನಮ್ಮಲ್ಲಿ ಪಂದ್ಯಗಳು ಬೆಳಗಿನ ಐದಕ್ಕೆ ಶುರುವಾಗಿ ಆರೂವರೆಗೆ ಮುಗಿಯುತ್ತವೆ. ಏಳಕ್ಕೆ ಬಿಸಿಲುಗಂಟೆ ಹೊಡೆಯುತ್ತಾರೆ. ಆಮೇಲೆ ಬಯಲಿನಲ್ಲಿ ಯಾರೂ ಓಡುವಂತಿಲ್ಲ, ಒಲೆ ಉರಿಸುವಂತಿಲ್ಲ. ಬೀದಿಗಳ ಮೇಲೆಲ್ಲ ಈ ಮನೆಯ ಮಾಳಿಗೆಯಿಂದ ಆ ಮನೆಯ ಮಾಳಿಗೆಗೆ ನೆರಳುಬಟ್ಟೆ ಕಟ್ಟಿರುತ್ತೇವೆ. ನಿಮ್ಮ ಕಾಲದಲ್ಲಿ ಸೀರೆ ನೇಯುತ್ತಿದ್ದ ಬೆಟಗೇರಿಯ ಮಗ್ಗಗಳು ಈಗ ಹೆಚ್ಚಾಗಿ ನೇಯುವುದು ಅದನ್ನೇ. ಮಗ್ಗ ಬದಲಾದರೂ ಅಂಚು ಬಿಡುವ ಚಟ ಹೋಗಿಲ್ಲ, ಬೀದಿಯ ಬಟ್ಟೆಗೂ ಕೆಂಪಂಚು ಇರಲೇಬೇಕು. ಮೈದಾನಕ್ಕೆ ನೀವು ನೀರು ಹೊಡೆದು ಆಡಿಸುತ್ತಿದ್ದಿರಂತೆ. ಆಟಕ್ಕೆ ನೀರು ಚೆಲ್ಲುವುದನ್ನು ನಮ್ಮ ಜನ ನಂಬುವುದೇ ಇಲ್ಲ. ನಮ್ಮದು ಒಣಹಾಸು. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತದೆ. ತಂಡದಲ್ಲಿ ಹೆಣ್ಣು ಗಂಡು ಕೂಡಿಯೇ ಆಡುತ್ತಾರೆ. ಇಷ್ಟು ಬಿಟ್ಟರೆ ಹಾಕಿ ಹಾಕಿಯೇ. ಅಂಪೈರಿಗೆ ಕಣ್ಣು ಕಾಣುವುದಿಲ್ಲ ಎನ್ನುವುದೂ ಹಾಗೇ ಇದೆ.

ದಕ್ಷಿಣಪಥ ಲೀಗಿನಲ್ಲಿ ಹದಿನಾರು ತಂಡಗಳು, ನಾಲ್ಕು ವಿಭಾಗ. ವಿಭಾಗದೊಳಗೆ ಪ್ರತಿಯೊಬ್ಬರ ಜೊತೆ ವರ್ಷಕ್ಕೆ ಎರಡು ಪಂದ್ಯ. ವಿಭಾಗದಾಚೆಗಿನವರ ಮುಖ ನೋಡಬೇಕಾದರೆ ಅಂತಿಮ ಸುತ್ತಿಗೆ ಹೋಗಬೇಕು, ಅಲ್ಲಿಗೆ ಪ್ರತಿ ವಿಭಾಗದಿಂದ ಎರಡೇ ತಂಡ. ವಿಭಾಗ ಮಾಡಿದ್ದು ರೈಲು ಹಳಿಯ ಲೆಕ್ಕದಲ್ಲಿ. ಒಂದೇ ದಿನದಲ್ಲಿ ಹೋಗಿ ಆಡಿ ಬರಬಹುದಾದ ಊರುಗಳು ಒಂದು ವಿಭಾಗ. ನಮ್ಮದರಲ್ಲಿ ಬೆಳಗಾವಿ, ವಿಜಯಪುರ, ನಾವು, ಮತ್ತು ಹುಬ್ಬಳ್ಳಿ.

ಹುಬ್ಬಳ್ಳಿ ಗಾಲಿ ಎಂಬ ತಂಡದ ಬಗ್ಗೆ ನಾನು ಸಮಚಿತ್ತದಿಂದ ಬರೆಯಲಾರೆ. ಅವರು ಚೆಂಡನ್ನು ತಮ್ಮಪ್ಪನ ಮನೆಯ ಆಸ್ತಿ ಎನ್ನುವ ಹಾಗೆ ಇಟ್ಟುಕೊಳ್ಳುತ್ತಾರೆ. ಅವರ ಅಭಿಮಾನಿಗಳು ರೈಲಿಳಿದ ಕೂಡಲೇ ನಮ್ಮ ಸ್ಟೇಷನ್ನಿನ ಚಹಾ ಚೆನ್ನಾಗಿಲ್ಲ ಎಂದು ಶುರು ಮಾಡುತ್ತಾರೆ. ಅವರಿಗೂ ನಮಗೂ ಮಧ್ಯೆ ಒಂದು ಕೊಪ್ಪರಿಗೆ ಇದೆ. ಎರಡು ಬಳೆಯಂಥ ಹಿಡಿಗಳ, ಮುನ್ನೂರು ಜನರ ಉಪ್ಪಿಟ್ಟು ಹಿಡಿಸುವ ಹಿತ್ತಾಳೆಯ ಕೊಪ್ಪರಿಗೆ. ಸೋತ ಊರಿನವರು ಅದನ್ನು ಮನೆಗೆ ಒಯ್ಯಬೇಕು. ಮುಂದಿನ ಪಂದ್ಯಕ್ಕೆ ಅದನ್ನು ಹೊತ್ತು ತಂದು, ಆಟ ನಡೆಯುತ್ತಿರುವಾಗಲೇ ಉಪ್ಪಿಟ್ಟು ಮಾಡಿ, ಆಟ ಮುಗಿದ ಮೇಲೆ ಎದುರಿನ ಊರಿನವರಿಗೆ ಬಡಿಸಬೇಕು. ಸಮವಾದರೆ ಇದ್ದಲ್ಲೇ ಇರಬೇಕು. ಇದನ್ನು ಶುರು ಮಾಡಿದವರು ಮೂರನೇ ಮೆಟ್ಟಿಲಿನವರು ಎಂದು ನಮ್ಮಲ್ಲಿ ಹೇಳುತ್ತಾರೆ. ಅಂದರೆ ನೀವು, ಇಲ್ಲವೇ ನಿಮ್ಮ ಪಕ್ಕದಲ್ಲಿ ಕೂತವರು. ಇನ್ನೂ ಶುರು ಮಾಡಿರದಿದ್ದರೆ ಮುಂದೆ ಓದಿ.

ಹನ್ನೊಂದು ವರ್ಷ ಆ ಕೊಪ್ಪರಿಗೆ ನನ್ನ ಹಿತ್ತಲಲ್ಲೇ ಇತ್ತು. ಗುಮಾಸ್ತರೇ, ಇದು ಪಾತ್ರೆಯ ವಿಳಾಸ.

ಅಡುಗೆ ಮಾಡುವುದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರದ ಕಾರಣ ಬೇರೆ. ಒಲೆ ಇರುವುದು ಕಟ್ಟೆಯ ಹಿಂದೆ, ಗೋಡೆಯ ಮರೆಯಲ್ಲಿ. ಬಿಸಿಲುಗಂಟೆಯೊಳಗೆ ಮುನ್ನೂರು ಜನ ಉಂಡು ಎದ್ದಿರಬೇಕಾದರೆ ಮೂರನೇ ಕ್ವಾರ್ಟರ್ ಮುಗಿಯುವಾಗ ಎಸರು ಕುದಿಯಬೇಕು, ನಾಲ್ಕನೆಯದು ಶುರುವಾಗುತ್ತಲೇ ಜೋಳದ ರವೆ ಬೀಳಬೇಕು. ಬಿದ್ದ ಮೇಲೆ ಸೌಟು ಬಿಡುವಂತಿಲ್ಲ, ಬಿಟ್ಟರೆ ತಳ ಹಿಡಿಯುತ್ತದೆ. ಸಂಘದಲ್ಲಿ ಹರಟೆಗೆ ನಾನೂರು ಜನ, ಸೌಟಿಗೆ ನಾನೊಬ್ಬಳೇ. ಹಾಗಾಗಿ ಹುಬ್ಬಳ್ಳಿಯ ವಿರುದ್ಧ ನಮ್ಮ ತಂಡ ಆಡಿದ ಒಂದು ಕೊನೆಯ ಕ್ವಾರ್ಟರನ್ನೂ ನಾನು ಹನ್ನೊಂದು ವರ್ಷ ನೋಡಲಿಲ್ಲ. ಕೇಳಿದೆ, ಅಷ್ಟೆ. ಕೂಗು ಕೇಳಿಯೇ ಗೋಲು ಯಾರದು, ಪೆನಾಲ್ಟಿ ಕಾರ್ನರ್ ಯಾರದು ಎಂದು ಹೇಳಬಲ್ಲೆ. ಕೂಗು ನಮ್ಮದಲ್ಲ ಎಂದು ತಿಳಿದ ಮೇಲೂ ಉಪ್ಪಿಟ್ಟು ತಿರುವುತ್ತ ನಿಲ್ಲುವುದು ಎಂಥ ಕೆಲಸವೆಂದು ನಿಮಗೆ ಹೇಗೆ ಹೇಳಲಿ.

ಹುಬ್ಬಳ್ಳಿಯ ಕಡೆಯಿಂದ ಮೊದಲು ತಾಟು ಹಿಡಿದು ಬರುವವಳು ಹುಸೇನಬಿ ನದಾಫ. ಅವರ ಸಂಘಕ್ಕೆ ಅವಳು ಹಿರಿಯಳು, ನನಗಿಂತ ಆರು ವರ್ಷ ದೊಡ್ಡವಳು, ಕಡ್ಡಿಯಂಥ ಮೈ. ರೈಲ್ವೆ ಕಾರ್ಖಾನೆಯಲ್ಲಿ ಗಾಲಿ ತಟ್ಟಿ ಸದ್ದು ಕೇಳಿ ಬಿರುಕು ಕಂಡುಹಿಡಿಯುವ ಕೆಲಸ ಮಾಡಿದವಳು. ವರ್ಷಕ್ಕೆ ಎರಡು ಸಲ ಮಾತ್ರ ಭೇಟಿ. ಆದರೂ ಅವಳ ಮೊಣಕಾಲಿನ ನೋವಿನ ಇತಿಹಾಸವೆಲ್ಲ ನನಗೆ ಗೊತ್ತು, ನನ್ನ ಸೊಸೆಯ ಗುಣವೆಲ್ಲ ಅವಳಿಗೆ ಗೊತ್ತು. ಮೊದಲ ತುತ್ತು ಬಾಯಿಗಿಟ್ಟು ಪ್ರತಿ ಸಲವೂ ಅವಳು ಒಂದೇ ಮಾತು ಹೇಳುತ್ತಿದ್ದಳು, ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದು. ಹೇಳಿ ಎರಡನೇ ಸಲವೂ ಹಾಕಿಸಿಕೊಳ್ಳುತ್ತಿದ್ದಳು. ಉಪ್ಪು ಹೆಚ್ಚಾಗಿರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಮೂರು ವರ್ಷಗಳ ಹಿಂದೆ ಲೀಗಿನ ಸಮಿತಿಯವರು ವಿಭಾಗಗಳನ್ನು ಹೊಸದಾಗಿ ಕಟ್ಟುತ್ತೇವೆಂದು ಹೊರಟರು. ಬಿಸಿಲು ಏರುತ್ತಿದೆ, ಆಟಗಾರರ ಮೈಗೆ ಒಗ್ಗುವುದಿಲ್ಲ, ಇನ್ನು ಮುಂದೆ ಹಳಿಯ ಲೆಕ್ಕ ಬೇಡ, ಬಿಸಿಲಿನ ಲೆಕ್ಕ ಇರಲಿ ಎಂದರು. ಸಮಾನ ಬಿಸಿಲಿನ ಊರುಗಳು ಸಮಾನ ವಿಭಾಗ. ಮಾತಿನಲ್ಲಿ ತಪ್ಪಿಲ್ಲ. ಒಂದು ಕಡೆ ಬೇಯುವುದು, ಇನ್ನೊಂದು ಕಡೆ ನಡುಗುವುದು ಮಾಡಿದರೆ ಆಟಗಾರ ಎಷ್ಟು ದಿನ ಉಳಿದಾನು? ಆದರೆ ನಕ್ಷೆ ಬರೆಯುವವನಿಗೆ ಬಿಸಿಲು ಕಾಣುತ್ತದೆ, ದೂರ ಕಾಣುತ್ತದೆ, ಅಲ್ಲಿ ಕೂತ ಮನುಷ್ಯ ಯಾರನ್ನು ಬೈಯಲು ಬೆಳಗಿನ ನಾಲ್ಕಕ್ಕೆ ಎದ್ದು ಬರುತ್ತಾನೆ ಎಂಬುದು ಕಾಣುವುದಿಲ್ಲ. ಬಿಸಿ ಊರು ತಂಪು ಊರುಗಳನ್ನು ಬೇರೆ ಮಾಡುವ ಗೆರೆ ಹುಬ್ಬಳ್ಳಿಗೂ ನಮಗೂ ನಡುವೆ, ಅಣ್ಣಿಗೇರಿಯ ಕಡಲೆ ಹೊಲಗಳ ಮೇಲೆ ಹಾದುಹೋಗುತ್ತಿತ್ತು. ಸ್ವಲ್ಪ ಈಚೆ ಸರಿಸಿದರೂ ನಡೆಯುತ್ತಿತ್ತು, ಆಚೆ ಸರಿಸಿದರೂ ನಡೆಯುತ್ತಿತ್ತು. ಅದಕ್ಕೇ ಅವರು ಅಭಿಮಾನಿ ಸಂಘಗಳನ್ನು ಕೇಳಿದರು. ಒಂದು ಹಾಳೆ ಕಳಿಸಿದರು, ಅದರಲ್ಲಿ ಒಂದೇ ಪ್ರಶ್ನೆ. ನಿಮ್ಮ ತಂಡ ಯಾರ ಜೊತೆ ಇರಬೇಕು?

ಆ ಹಾಳೆ ನನ್ನ ಕೈಗೆ ಬಂದದ್ದು ಹುಬ್ಬಳ್ಳಿಯ ಪಂದ್ಯದ ಮರುದಿನ. ಹಿಂದಿನ ದಿನ ಎಸರು ಸಿಡಿದು ಬಲಗೈ ಸುಟ್ಟುಕೊಂಡಿದ್ದೆ. ಆ ಕೊನೆಯ ಕ್ವಾರ್ಟರಿನಲ್ಲಿ ನಮ್ಮ ಯಲ್ಲವ್ವ ಎಂಬ ಹುಡುಗಿ ಅರ್ಧ ಮೈದಾನ ಒಬ್ಬಳೇ ಚೆಂಡು ಒಯ್ದಳಂತೆ, ಎಲ್ಲರೂ ಅದನ್ನೇ ಹೇಳುತ್ತಿದ್ದರು, ನಾನು ನೋಡಿರಲಿಲ್ಲ. ಸಂಘದ ಸಭೆ ಕರೆಯಬೇಕಿತ್ತು. ಕರೆಯಲಿಲ್ಲ. ಕೈಗೆ ಕಟ್ಟಿದ ಬಟ್ಟೆಯೊಳಗಿಂದ ಪೆನ್ನು ಹಿಡಿದು, ನಾನೂರ ಹನ್ನೆರಡು ಸದಸ್ಯರ ಪರವಾಗಿ ನಾಲ್ಕೇ ಮಾತು ಬರೆದು ಕಳಿಸಿದೆ: ಹುಬ್ಬಳ್ಳಿ ಬಿಟ್ಟು ಯಾರಾದರೂ ಸರಿ.

ಬರೆದಾಗ ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ಸಮಿತಿಯವರು ಸಾವಿರ ಕಾಗದ ನೋಡುವವರು, ನನ್ನದನ್ನು ಯಾರು ಓದುತ್ತಾರೆ ಎಂದುಕೊಂಡೆ. ಅವರು ಓದಿದರು. ಕಳೆದ ವರ್ಷ ಹೊಸ ನಕ್ಷೆ ಬಂತು. ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಮಡಿಕೇರಿ ತಂಪು ವಿಭಾಗ. ನಾವು, ಬಳ್ಳಾರಿ, ರಾಯಚೂರು, ಸೊಲ್ಲಾಪುರ ಬಿಸಿ ವಿಭಾಗ. ವಿಜಯಪುರವನ್ನು ಎಲ್ಲಿಗೆ ಸೇರಿಸಿದರೆಂದು ಕೇಳಬೇಡಿ, ಅಲ್ಲಿಯವರು ಇನ್ನೂ ಅಳುತ್ತಿದ್ದಾರೆ. ನಕ್ಷೆಯ ಕೊನೆಯ ಪುಟದಲ್ಲಿ, ಅಭಿಮಾನಿಗಳ ಅಭಿಪ್ರಾಯವನ್ನು ಗೌರವಿಸಿದ್ದೇವೆ ಎಂದು ತೋರಿಸಲು, ಊರೂರಿನ ಉತ್ತರಗಳನ್ನು ಅಚ್ಚು ಹಾಕಿಸಿದ್ದರು. ಬೆಟಗೇರಿಯ ಮುಂದೆ ನನ್ನ ನಾಲ್ಕು ಮಾತು ಇದ್ದವು. ಹುಬ್ಬಳ್ಳಿಯವರೂ ಓದಿದರು.

ನಮ್ಮವರಲ್ಲಿ ಅರ್ಧ ಜನ ನನ್ನ ಜೊತೆ ಮಾತು ಬಿಟ್ಟರು. ಉಳಿದ ಅರ್ಧ ಜನ ಒಳ್ಳೆಯದೇ ಆಯಿತು, ಇನ್ನು ಅಂತಿಮ ಸುತ್ತಿಗೆ ದಾರಿ ಸಲೀಸು ಎಂದರು. ಅವರ ಮಾತೇ ನನಗೆ ಹೆಚ್ಚು ಸುಸ್ತು ತಂದಿತು. ಹಳೆಯ ವಿಭಾಗದ ಕೊನೆಯ ಪಂದ್ಯ ಇಲ್ಲೇ ಬೆಟಗೇರಿಯಲ್ಲಿ ಇತ್ತು. ಕೊಪ್ಪರಿಗೆ ನಮ್ಮ ಹತ್ತಿರವೇ ಇದ್ದುದರಿಂದ ಎಂದಿನಂತೆ ಈರುಳ್ಳಿ ಹೆಚ್ಚಿದೆ, ರವೆ ಹುರಿದೆ. ಹುಬ್ಬಳ್ಳಿಯ ರೈಲು ಬಂತು. ಸ್ಟೇಷನ್ನಿನ ಚಹಾ ಚೆನ್ನಾಗಿಲ್ಲ ಎಂದು ಯಾರೂ ಹೇಳಲಿಲ್ಲ. ಮುನ್ನೂರು ಜನರ ಕೈಯಲ್ಲೂ ಒಂದೊಂದು ಬಟ್ಟೆಯ ಗಂಟು ಇತ್ತು. ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಅಡುಗೆ ಉಣ್ಣುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ನೂರು ವರ್ಷದಲ್ಲಿ ಹಾಗೆ ನಡೆದಿರಲಿಲ್ಲ.

ಮೂರನೇ ಕ್ವಾರ್ಟರ್ ಮುಗಿಯಿತು. ಯಾರೂ ಉಣ್ಣದ ಉಪ್ಪಿಟ್ಟಿಗೆ ಎಸರು ಕುದಿಯುತ್ತಿತ್ತು. ರವೆ ಹಾಕಲೋ ಬೇಡವೋ ಎಂದು ನಿಂತೆ. ಹಾಕಿದೆ. ತಿರುವುತ್ತಿರುವಾಗ ಗೋಡೆಯ ತಿರುವಿನಲ್ಲಿ ಹುಸೇನಬಿ ಕಂಡಳು. ಕೈಯಲ್ಲಿ ತಾಟೂ ಇಲ್ಲ, ಗಂಟೂ ಇಲ್ಲ. ಕುಂಟುತ್ತ ಬಂದು ನನ್ನ ಎದುರು ನಿಂತಳು. ನಾನು ಸೌಟು ನಿಲ್ಲಿಸಲಿಲ್ಲ. ತಿರುವುತ್ತಲೇ, ಹನ್ನೊಂದು ವರ್ಷದಿಂದ ಕೊನೆಯ ಆಟ ನೋಡಿಲ್ಲ, ಅದಕ್ಕೇ ಹಾಗೆ ಬರೆದೆ ಎಂದೆ. ಅದು ಕ್ಷಮೆ ಕೇಳುವ ರೀತಿಯೂ ಅಲ್ಲ.

ಹುಸೇನಬಿ ಬಗ್ಗಿ ಕೊಪ್ಪರಿಗೆಯೊಳಗೆ ನೋಡಿದಳು. ಆಮೇಲೆ ಹೇಳಿದಳು, “ಆಟ ನೋಡಾಕ ಜೀವ ತಡೀದ ಇಲ್ಲಿ ಬಂದು ನಿಂದರ್ತಿ ಅನ್ಕೊಂಡಿದ್ದೆ ನಾ. ನಂಗ ಹೇಳಬೇಕಿತ್ತಲ್ಲ ಫಕೀರವ್ವ, ಸಮಿತಿಯವರಿಗೆ ಯಾಕ ಹೇಳಿದಿ? ನಂಗ ಹೇಳಿದ್ರ ಕಡೀ ಕ್ವಾರ್ಟರಿಗೆ ನಾ ಬಂದು ತಿರುವತಿದ್ದೆ, ನೀ ನೋಡತಿದ್ದಿ.”

ಗೆದ್ದ ಕಡೆಯವರು ಸೌಟು ಮುಟ್ಟಬಾರದು, ಅದು ಪದ್ಧತಿಯಲ್ಲ ಎಂದೆ. ಎಂಥ ಮಾತು ನೋಡಿ, ನೂರು ವರ್ಷದ ಪದ್ಧತಿಯನ್ನೇ ಮುರಿದು ಹಾಕಿದವಳು ಸೌಟಿನ ಪದ್ಧತಿ ಹೇಳುತ್ತಿದ್ದೆ.

“ಕೊಡು ಇಲ್ಲಿ,” ಎಂದು ಅವಳು ಸೌಟು ಕಸಿದುಕೊಂಡಳು. “ಹೋಗು. ಹನ್ನೆರಡ ನಿಮಿಷ ಉಳದೈತಿ.”

ಹೋದೆ. ಮೂರನೇ ಮೆಟ್ಟಿಲ ಮೇಲೆ ಕೂತೆ. ಪೂರ್ವದ ಬಿಸಿಲು ನೆರಳುಬಟ್ಟೆಯ ಸಂದಿಯಿಂದ ಇಳಿದು ಹಾಸಿನ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಆ ಪಟ್ಟೆಗಳನ್ನು ದಾಟಿ ಚೆಂಡು ಹೋಗುವಾಗ ಒಮ್ಮೆ ಹೊಳೆದು ಒಮ್ಮೆ ಮಾಯವಾಗುವುದನ್ನು ನಾನು ಮರೆತೇ ಬಿಟ್ಟಿದ್ದೆ. ಯಲ್ಲವ್ವ ಚೆಂಡು ಸಿಕ್ಕಾಗ ಮೊದಲು ತಲೆಯೆತ್ತಿ ನೋಡುತ್ತಾಳೆ, ಆಮೇಲೆ ಓಡುತ್ತಾಳೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಎರಡು ನಿಮಿಷ ಇರುವಾಗ ಒಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು, ಯಾರಿಗೆಂದು ಬರೆಯುವಂತಿಲ್ಲ. ಎರಡೂ ಕಡೆಯವರು ಎದ್ದು ನಿಂತರು. ಈ ಗದ್ದಲ ನನಗೆ ಹನ್ನೊಂದು ವರ್ಷ ಗೋಡೆಯಾಚೆಯಿಂದ ಕೇಳಿತ್ತು, ಈಗ ಅದಕ್ಕೆ ಮುಖಗಳಿದ್ದವು. ನಾನು ಅತ್ತೆ. ಪಕ್ಕದವರು ಆಟಕ್ಕೆ ಅಳುತ್ತಿದ್ದೇನೆಂದುಕೊಂಡರು.

ಸೀಟಿ ಊದಿದ ಮೇಲೆ ಹಿಂದಿನಿಂದ ಕೊಪ್ಪರಿಗೆಯ ಅಂಚಿಗೆ ಸೌಟು ಬಡಿಯುವ ಸದ್ದು ಬಂತು. ಹುಸೇನಬಿ ತನ್ನ ಜನರನ್ನು ಕರೆಯುತ್ತಿದ್ದಳು. ಅವರ ಹಿರಿಯಳೇ ಸೌಟು ಹಿಡಿದು ನಿಂತಿರುವಾಗ ಬೇಡವೆನ್ನುವ ಧೈರ್ಯ ಯಾರಿಗಿದೆ? ರೊಟ್ಟಿಯ ಗಂಟುಗಳನ್ನು ಮೆಟ್ಟಿಲ ಮೇಲಿಟ್ಟು ಸಾಲಾಗಿ ಬಂದು ಉಂಡರು. ಕೊನೆಗೆ ಹುಸೇನಬಿ ತಾನೂ ಒಂದು ತಾಟು ಹಾಕಿಕೊಂಡು ಉಂಡಳು. ಉಪ್ಪಿನ ಬಗ್ಗೆ ಏನೂ ಹೇಳಲಿಲ್ಲ. ಹೇಳುತ್ತಾಳೆಂದು ನಾನು ರೈಲು ಹೊರಡುವವರೆಗೂ ಕಾದೆ. ಹೇಳದೆ ಹತ್ತಿದಳು. ಹನ್ನೊಂದು ವರ್ಷದಲ್ಲಿ ನನಗೆ ಅಷ್ಟು ನೋವಾದದ್ದು ಅದೊಂದೇ.

ಇದು ನಡೆದು ಏಳು ತಿಂಗಳಾಯಿತು. ಹೊಸ ವಿಭಾಗದಲ್ಲಿ ಆಡುತ್ತಿದ್ದೇವೆ. ಬಳ್ಳಾರಿಯವರು ಬಹಳ ಮರ್ಯಾದಸ್ಥರು, ನಮ್ಮವರು ಗೋಲು ಹೊಡೆದರೂ ಚಪ್ಪಾಳೆ ತಟ್ಟುತ್ತಾರೆ. ಸೊಲ್ಲಾಪುರದ ಅಭಿಮಾನಿಗಳು ಮೂವತ್ತು ಜನ ಬರುತ್ತಾರೆ, ನೆರಳಲ್ಲಿ ಕೂತು ಹೋಗುತ್ತಾರೆ. ರಾಯಚೂರಿನವರ ಜೊತೆ ಜಗಳ ಶುರು ಮಾಡಲು ಒಂದು ಸಲ ಪ್ರಯತ್ನಪಟ್ಟೆ, ಅವರು ನನ್ನ ವಯಸ್ಸು ನೋಡಿ ನೀರು ಕೊಟ್ಟರು. ಈಗ ಎಲ್ಲ ಪಂದ್ಯಗಳ ಕೊನೆಯ ಕ್ವಾರ್ಟರನ್ನೂ ಪೂರ್ತಿ ನೋಡುತ್ತೇನೆ. ಆರೂವರೆಗೆ ಆಟ ಮುಗಿಯುತ್ತದೆ, ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ. ಕೊಪ್ಪರಿಗೆ ನನ್ನ ಹಿತ್ತಲಲ್ಲೇ ಇದೆ. ಇನ್ನು ಅದನ್ನು ಒಯ್ಯುವವರಿಲ್ಲ, ಅದು ಇಲ್ಲೇ ಇರುತ್ತದೆ.

ನನ್ನ ಕೋರಿಕೆ ಸಣ್ಣದು. ವಿಭಾಗ ತಡೆಯಿರಿ, ಸಮಿತಿಗೆ ಬುದ್ಧಿ ಹೇಳಿ ಎಂದು ನಾನು ಕೇಳುವುದಿಲ್ಲ. ಅವೆಲ್ಲ ನಿಮ್ಮ ಕೈಯಲ್ಲೂ ಇಲ್ಲ. ಆದರೆ ಆ ಕೊಪ್ಪರಿಗೆ ಕೊಳ್ಳುವುದು, ಅದರ ಪದ್ಧತಿ ಕಟ್ಟುವುದು ನಿಮ್ಮ ಮೆಟ್ಟಿಲಿನವರ ಕೈಯಲ್ಲಿದೆ. ಪದ್ಧತಿ ಕಟ್ಟುವಾಗ ಒಂದು ಮಾತು ಸೇರಿಸಿ. ಕೊನೆಯ ಕ್ವಾರ್ಟರ್ ಶುರುವಾದ ಕೂಡಲೇ ಸೌಟು ಉಣ್ಣುವವರ ಕೈಗೆ ಹೋಗಬೇಕು, ಅಡುಗೆಯವರು ಬಂದು ಆಟ ನೋಡಬೇಕು. ಇಷ್ಟೇ. ಹಿಂದಂಚೆಯಿಂದ ಇದುವರೆಗೆ ಏನೂ ಬದಲಾಗಿಲ್ಲ ಎಂದು ಗುಮಾಸ್ತ ಹೇಳುತ್ತಾನೆ. ಬದಲಾಗುವಂಥದ್ದನ್ನು ಅವರು ಕಳಿಸುವುದೇ ಇಲ್ಲವಂತೆ. ಸೌಟಿನ ಮಾತಲ್ಲಿ ಏನು ಅಪಾಯ ಎಂದು ಅವನು ನಕ್ಕು ಮುದ್ರೆ ಒತ್ತಲು ಒಪ್ಪಿದ್ದಾನೆ. ಅವನಿಗೆ ಹಾಕಿ ಗೊತ್ತಿಲ್ಲ.

ಮುಂದಿನ ವಾರ ಬಿಡಿದಿನಗಳು. ಅವಕ್ಕೆ ತಿಂಗಳಿಲ್ಲ, ಪಂದ್ಯವಿಲ್ಲ, ವಿಭಾಗವೂ ಇಲ್ಲ. ಕೊಪ್ಪರಿಗೆ ಇದ್ದವರು ಹೊತ್ತು ತಂದು ಅಡುಗೆ ಮಾಡಬೇಕು ಎಂಬುದು ಪದ್ಧತಿ. ಪಂದ್ಯ ಇದ್ದರೆ ಮಾತ್ರ ಎಂದು ಯಾರೂ ಬರೆದಿಟ್ಟಿಲ್ಲ. ಮೂರನೇ ಬಿಡಿದಿನ ಬೆಳಗಿನ ರೈಲಿಗೆ ಕೊಪ್ಪರಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಬರುತ್ತೇನೆ, ಒಲೆ ಹೂಡಲು ಜಾಗ ತೋರಿಸು ಎಂದು ಹುಸೇನಬಿಗೆ ಬರೆದಿದ್ದೆ. ಬರಬೇಡವೆಂದರೆ ಸುಮ್ಮನೆ ಮನೆಯಲ್ಲಿರಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕಾದು ಕಾದು ಸಾಕಾಗಿ, ಈ ಕಾಗದದ ಪ್ರತಿ ಮಾಡಲು ಕೂತಾಗ, ನಿನ್ನೆ ಅವಳ ಉತ್ತರ ಬಂತು. ಅದರಲ್ಲಿ ಕುಶಲವಿರಲಿಲ್ಲ, ಸಹಿಯೂ ಇರಲಿಲ್ಲ, ಒಂದೇ ಸಾಲು ಇತ್ತು.

“ಈ ಸಲ ಉಪ್ಪು ನೋಡಿ ಹಾಕು.”

ನಿಮ್ಮ ಮೆಟ್ಟಿಲಿನ ಮುಂದಿನ ಪೀಳಿಗೆಯವಳು,
ಫಕೀರವ್ವ ಹೊಂಬಳ